ಖಾಲಿ ಕಡಿತವನ್ನು ಖಾಲಿಯಾಗಿಯೇ ಇಟ್ಟು ತಾಳೆ ನೋಡಿದ್ದು: ನನ್ನ ಅನುಭವ

ಶಿರಸಿಯ ಒಂದು ಅಡಿಕೆ ಮಂಡಿಯ ತೂಕದ ಚೀಟಿಗಳನ್ನೂ ಪಾವತಿಯ ಲೆಕ್ಕವನ್ನೂ ಪ್ರತಿ ರಾತ್ರಿ ತಾಳೆ ನೋಡುವ ಕ್ವೆರಿಯನ್ನು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನು) ನಾನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಬರೆದಿದ್ದು, ಎರಡು ಹಂಗಾಮಿನಿಂದ ಅದರ ಕಣ್ಣು ತಪ್ಪಿಸಿ ಒಂದು ಸಾಲೂ ಹೋಗಿಲ್ಲ. ನಲ್ (ಬೆಲೆಯೇ ತುಂಬದ ಖಾಲಿ ಜಾಗ) ಇರುವಲ್ಲೆಲ್ಲ ಸೊನ್ನೆ ತುಂಬದೆ ಲೆಕ್ಕ ಕೂಡುವುದಿಲ್ಲ ಎಂದವರೇ ಆಗ ಹೆಚ್ಚಿದ್ದರು.

ತೊಡಕಿದ್ದದ್ದು ತೇವಕ್ಕೆಂದು ತೂಕದಲ್ಲಿ ಕಳೆಯುವ ಕಡಿತದ ಕಾಲಂನಲ್ಲಿ. ರಾಶಿ ಅಡಿಕೆಯಿರಲಿ, ಚಾಲಿ ಅಡಿಕೆಯಿರಲಿ, ಕಡಿತ ಸೊನ್ನೆಯೆಂದರೆ ತೇವ ನೋಡಿ ಏನೂ ಕಳೆಯಬೇಕಿಲ್ಲವೆಂದು ತೀರ್ಮಾನಿಸಿದ್ದಾರೆ. ನಲ್ ಎಂದರೆ ಇನ್ನೂ ನೋಡಿಯೇ ಇಲ್ಲ. ಹಳೆಯ ಕ್ವೆರಿ ಚೀಟಿಯ ಕಡಿತವನ್ನೂ ಪಾವತಿಯ ಕಡಿತವನ್ನೂ ‘ಸಮವಲ್ಲ’ ಎಂಬ ಚಿಹ್ನೆ <> ಹಾಕಿ ಹೋಲಿಸುತ್ತಿದ್ದುದರಿಂದ, ಒಂದು ಕಡೆ ನಲ್ ಮತ್ತೊಂದು ಕಡೆ 2 ಕಿಲೋ ಇದ್ದ ಸಾಲು ನಿಜವೂ ಅಲ್ಲದ ಸುಳ್ಳೂ ಅಲ್ಲದ ಉತ್ತರ ಪಡೆದು, ಸಾಲುಗಳನ್ನು ಸೋಸುವ ವೇರ್ ಷರತ್ತಿನಲ್ಲೇ ಉದುರಿಹೋಗುತ್ತಿತ್ತು. ಒಂದೇ ಹಂಗಾಮಿನಲ್ಲಿ ಸುಮಾರು 40,000 ರೂಪಾಯಿ ಹೀಗೆ ಹೆಚ್ಚುವರಿ ಪಾವತಿಯಾಗಿತ್ತು.

ನಲ್ ಜಾಗಕ್ಕೆ ಬೇರೆ ಬೆಲೆ ಕೊಡುವ ಕೋಯಲೆಸ್‌ನಿಂದ ಸೊನ್ನೆ ತುಂಬಿದಾಗ, ಒಂದು ಕಡೆ ನಲ್ ಮತ್ತೊಂದು ಕಡೆ ಸೊನ್ನೆ ಇದ್ದರೂ ವ್ಯತ್ಯಾಸ ಕಾಣಲಿಲ್ಲ. -1 ತುಂಬಿದಾಗ, ಅದೇ ವ್ಯೂನಿಂದ (ಉಳಿಸಿಟ್ಟ ಕ್ವೆರಿಯಿಂದ) ತೆಗೆದ ಒಟ್ಟು ತೂಕವೇ ಕೆಟ್ಟಿತು. ಕೊನೆಗೆ ಈಸ್ ಡಿಸ್ಟಿಂಕ್ಟ್ ಫ್ರಮ್ ಹಾಕಿದೆ. ನಲ್‌ಗೆ ನಲ್ ಸಮ, ನಲ್‌ಗೆ 2 ಬೇರೆ ಎಂದು ಅದು ಖಚಿತವಾಗಿ ಹೇಳುತ್ತದೆ. ಕಡಿತ, ದರ, ದರ್ಜೆ ಮೂರನ್ನೂ ಒಂದೇ ಆವರಣದಲ್ಲಿಟ್ಟು ಒಮ್ಮೆಲೇ ಹೋಲಿಸಬಹುದು.

ಆದರೆ ಇದನ್ನು ಜಾಯಿನ್‌ಗೆ, ಅಂದರೆ ಎರಡು ಕೋಷ್ಟಕಗಳ ಸಾಲುಗಳನ್ನು ಜೋಡಿಸಲು, ಬಳಸಬಾರದು. ಸುಮಾರು 2 ಲಕ್ಷ ಸಾಲುಗಳ ಮೇಲೆ ಇದರ ವಿರುದ್ಧ ರೂಪವಾದ ಈಸ್ ನಾಟ್ ಡಿಸ್ಟಿಂಕ್ಟ್ ಫ್ರಮ್ ಹಾಕಿ ಕೂಡಿಸಿ ನೋಡಿದೆ. ಸಾಲುಗಳನ್ನು ಬೇಗ ಹೊಂದಿಸುವ ಹ್ಯಾಶ್ ಜಾಯಿನ್ ವಿಧಾನ ಸಿಗದೆ ಅರ್ಧ ತಾಸಾದರೂ ಮುಗಿಯಲಿಲ್ಲ. ಲಾಟ್ ಸಂಖ್ಯೆಯನ್ನು ನಾಟ್ ನಲ್ (ಖಾಲಿ ಬಿಡಲಾಗದಂತೆ) ಮಾಡಿ, ಅದನ್ನು = ಚಿಹ್ನೆಯಿಂದಲೇ ಕೂಡಿಸಿದ ಮೇಲೆ ಕೆಲವೇ ಸೆಕೆಂಡು ಸಾಕಾಯಿತು.

ಕುತೂಹಲಕ್ಕೆ ಬೇರೆ ಡೇಟಾಬೇಸ್‌ಗಳಲ್ಲೂ ಪರೀಕ್ಷಿಸಿದೆ. ಮೈಎಸ್‌ಕ್ಯೂಎಲ್‌ನಲ್ಲಿ <=> ಈಸ್ ನಾಟ್ ಡಿಸ್ಟಿಂಕ್ಟ್ ಫ್ರಮ್‌ನ ಕೆಲಸ ಮಾಡುತ್ತದೆ, ಎಸ್‌ಕ್ಯೂಲೈಟ್‌ನಲ್ಲಿ ಬರಿಯ ಈಸ್ ಸಾಕು. ಒರಾಕಲ್ ಖಾಲಿ ಪಠ್ಯವನ್ನೇ ನಲ್ ಎಂದು ಎಣಿಸುವುದರಿಂದ, ಅಲ್ಲಿಂದ ಬಂದ ದರ್ಜೆಯ ಕಾಲಂ ಬಗ್ಗೆ ವಿಶೇಷ ಎಚ್ಚರ ಬೇಕು.

ಪಾವತಿ ಬಾಕಿಯಿರುವ ಬೆಳೆಗಾರರ ಪಟ್ಟಿಯೂ ಒಂದು ದಿನ ಪೂರ್ತಿ ಖಾಲಿ ಬಂದಿತ್ತು. ‘ಈ ಪಟ್ಟಿಯಲ್ಲಿಲ್ಲ’ ಎನ್ನುವ ನಾಟ್ ಇನ್ ಒಳಗಿನ ಪಾವತಿಗಳಲ್ಲಿ ಒಂದೇ ಒಂದು ಲಾಟ್ ಸಂಖ್ಯೆ ನಲ್ ಇದ್ದದ್ದೇ ಕಾರಣ. ‘ಅಂಥ ಸಾಲೇ ಇಲ್ಲ’ ಎನ್ನುವ ನಾಟ್ ಎಕ್ಸಿಸ್ಟ್ಸ್‌ಗೆ ಬದಲಿಸಿದೆ, ಪಟ್ಟಿ ಮರಳಿತು.

ಕಡಿತ ಯಾರಿಂದ, ಏಕೆ ಖಾಲಿ ಉಳಿಯಿತೆಂದು ಪತ್ತೆಹಚ್ಚಲು ನಾನು ಕಟ್ಟಿಕೊಂಡ ಉಪಾಯ ನನ್ನ ಜೀವನೋಪಾಯದ ಭಾಗವಾದ್ದರಿಂದ ಇಲ್ಲಿ ಬಿಡಿಸಿ ಹೇಳಲಾರೆ. ಆದರೆ ಕಡಿತ ಸೊನ್ನೆಗಿಂತ ಕಡಿಮೆಯಿರಬಾರದೆಂಬ ಚೆಕ್ ನಿರ್ಬಂಧವನ್ನೂ (ಕೋಷ್ಟಕಕ್ಕೇ ಹಾಕಿದ ನಿಯಮವನ್ನೂ) ನಲ್ ಸಲೀಸಾಗಿ ದಾಟುತ್ತದೆ; ಆದ್ದರಿಂದ ಪಾವತಿಯಾದ ಲಾಟ್‌ಗಳಿಗೆ ಕಡಿತ ನಲ್ ಇರಕೂಡದೆಂಬ ಷರತ್ತನ್ನು ಪ್ರತ್ಯೇಕವಾಗಿಯೇ ಬರೆದಿದ್ದೇನೆ.