ತೊರಕೆ ಮರಿ ತರುವ ಮುನ್ನ ತೊಟ್ಟಿಯ ತಳವನ್ನು ಅಳೆಯಿರಿ

ಅಂಗೈಯಗಲದ ಸಿಹಿನೀರಿನ ತೊರಕೆ, ಅಂದರೆ ಸ್ಟಿಂಗ್‌ರೇ ಮರಿ, ಗಾಜಿಗೆ ಹೊಟ್ಟೆಯೊತ್ತಿ ಮೇಲೇರುವುದನ್ನು ಒಮ್ಮೆ ನೋಡಿದವರಿಗೆ ಅದನ್ನು ಮನೆಗೆ ತರದೆ ಸಮಾಧಾನವಿರುವುದಿಲ್ಲ. ಮಾರುವವರು ಹೇಳುವ ‘ಟೀಕಪ್ ಸ್ಟಿಂಗ್‌ರೇ’ ಎಂಬುದು ಯಾವ ಪ್ರಭೇದದ ಹೆಸರೂ ಅಲ್ಲ, ಮರಿಯ ಗಾತ್ರಕ್ಕೆ ಇಟ್ಟ ಮುದ್ದಿನ ಹೆಸರಷ್ಟೆ. ದಕ್ಷಿಣ ಅಮೆರಿಕದ ನದಿಗಳಿಂದ ಬಂದ ಈ ಮೀನುಗಳಲ್ಲಿ ಹೆಚ್ಚಾಗಿ ಕಾಣಸಿಗುವ ಮೊಟೊರೊ ತೊರಕೆಯ ದೇಹ 45 ಸೆಂ.ಮೀ. ಮೀರಿ ಅಗಲವಾಗುತ್ತದೆ, ರಿಯೊ ನೀಗ್ರೊ ನದಿಯ ವಾಲೇಸಿ ನಿಜಕ್ಕೂ ಚಿಕ್ಕ ಜಾತಿಯಾದರೂ ಊಟದ ತಟ್ಟೆಯಷ್ಟಾಗದೆ ಬಿಡುವುದಿಲ್ಲ. ವಾಲೇಸಿ ಮತ್ತು ಲಿಯೊಪೋಲ್ಡಿ ಸೇರಿದಂತೆ ಏಳು ಪ್ರಭೇದಗಳನ್ನು 2022ರಲ್ಲಿ ಸೈಟಿಸ್, ಅಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಗಿದೆ. ಆದ್ದರಿಂದ ಮೀನಿನ ಜೊತೆಗೆ ಅದರ ಕಾಗದಪತ್ರಗಳನ್ನೂ ಕೇಳಿ ಪಡೆಯಬೇಕು.

ತೊಟ್ಟಿ ಕೊಳ್ಳುವಾಗ ಎತ್ತರಕ್ಕೆ ಮರುಳಾಗಬೇಡಿ. ತೊರಕೆ ಬದುಕುವುದು ತಳದಲ್ಲಿ. ಸಣ್ಣ ಜಾತಿಗೂ ಸುಮಾರು 180 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲದ ತಳವಿದ್ದರೆ ಅದು ರೆಕ್ಕೆ ಮಡಚಿಕೊಳ್ಳದೆ ತಿರುಗಬಲ್ಲದು. ತಳಕ್ಕೆ ನುಣುಪಾದ ಸಣ್ಣ ಮರಳನ್ನು ನಾಲ್ಕು ಬೆರಳಿಗಿಂತ ತೆಳ್ಳಗೆ ಹಾಸಿ. ಚೂಪು ಜಲ್ಲಿ ಹಾಸಿದರೆ ಹೊಟ್ಟೆ ತರಚುತ್ತದೆ. ಮರಳಿನಲ್ಲಿ ಹೂತುಕೊಂಡ ಮೀನು ಕಣ್ಣುಗಳ ಹಿಂದಿನ ಎರಡು ರಂಧ್ರಗಳಿಂದ ನೀರೆಳೆದು ಅಡಿಯಲ್ಲಿರುವ ಕಿವಿರುಗಳಿಂದ ಬಿಡುತ್ತದೆ. ಆ ರಂಧ್ರಗಳು ತೆರೆದು ಮುಚ್ಚುವ ಲಯವನ್ನು ನೋಡಿ ರೂಢಿ ಮಾಡಿಕೊಂಡರೆ ಉಸಿರಾಟದ ತೊಂದರೆ ಬೇಗ ತಿಳಿಯುತ್ತದೆ.

ಹೀಟರ್ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಜಾಲರಿ ಇಲ್ಲದ ಹೀಟರ್ ಇಟ್ಟಿದ್ದೆ. ಬಿಸಿಗೆ ಅಂಟಿಕೊಂಡು ಮಲಗಿದ್ದ ಮರಿಯ ರೆಕ್ಕೆಯ ಅಂಚಿನಲ್ಲಿ ಬೆಳಗಾಗುವಷ್ಟರಲ್ಲಿ ಬಿಳಿಯ ಪಟ್ಟಿಯಂತೆ ಸುಟ್ಟ ಗಾಯ ಎದ್ದಿತ್ತು. ಅಂದಿನಿಂದ ಹೀಟರನ್ನು ತೊಟ್ಟಿಯ ಹೊರಗಿನ ಫಿಲ್ಟರ್ ಪೆಟ್ಟಿಗೆಯಲ್ಲೇ ಇಡುತ್ತೇನೆ. ಶಾಖ 26ರಿಂದ 28 ಡಿಗ್ರಿ ಇದ್ದರೆ ಸಾಕು.

ಎಲ್ಲಕ್ಕಿಂತ ಹೆಚ್ಚಿನ ದುಡಿಮೆ ಬೇಡುವುದು ನೀರು. ತೊರಕೆ ಹೊಟ್ಟೆಬಾಕ, ಅದು ಹೊರಹಾಕುವ ಅಮೋನಿಯಾವೂ ಅಷ್ಟೇ ಹೆಚ್ಚು, ಆದರೆ ಅದೇ ಅಮೋನಿಯಾವನ್ನು ತಾಳುವ ಶಕ್ತಿ ಮಾತ್ರ ಅದಕ್ಕಿಲ್ಲ. ಹಾಗಾಗಿ ಫಿಲ್ಟರಿನಲ್ಲಿ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ನೆಲೆಯೂರಿ, ನೀರಿನ ಪರೀಕ್ಷೆಯಲ್ಲಿ ಅಮೋನಿಯಾ ಮತ್ತು ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ, ಅದಕ್ಕೆ ಒಂದೂವರೆ ತಿಂಗಳಾದರೂ ಸರಿ, ಮೀನನ್ನು ಬಿಡಬಾರದು. ಆಮೇಲೂ ವಾರಕ್ಕೆರಡು ಬಾರಿ ಮೂರನೆಯ ಒಂದು ಭಾಗ ನೀರನ್ನು, ಕ್ಲೋರಿನ್ ತೆಗೆದು, ಅದೇ ಶಾಖಕ್ಕೆ ತಂದು ಬದಲಿಸುವುದು ನನ್ನ ಪದ್ಧತಿ. ರೆಕ್ಕೆಯ ಅಂಚು ಹಪ್ಪಳ ಕರಿದಂತೆ ಮೇಲಕ್ಕೆ ಸುರುಳಿಗಟ್ಟಿದರೆ ತಡಮಾಡದೆ ಮೊದಲು ನೀರನ್ನೇ ಪರೀಕ್ಷಿಸಿ. ಬೇರೆ ಮೀನುಗಳಿಗೆ ಹಾಕುವ ತಾಮ್ರದ ಔಷಧಿಯನ್ನು ಈ ತೊಟ್ಟಿಗೆ ತೊಟ್ಟೂ ಹಾಕಬೇಡಿ.

ಮರಿಗೆ ಎರೆಹುಳು, ಸಿಗಡಿ ಚೂರು, ರಕ್ತಹುಳು (ಬ್ಲಡ್‌ವರ್ಮ್)ಗಳನ್ನು ದಿನಕ್ಕೆರಡು ಬಾರಿ ಕೊಡಬೇಕು. ಬಾಯಿ ಅಡಿಯಲ್ಲಿರುವುದರಿಂದ ಅದು ತುತ್ತನ್ನು ಕಣ್ಣಿಂದ ಕಂಡು ಹಿಡಿಯುವುದಿಲ್ಲ. ವಾಸನೆ ಹಿಡಿದು ಬಂದು, ಅದರ ಮೇಲೆ ಕವುಚಿ ಮಲಗಿ, ದೇಹವನ್ನು ನಡುಗಿಸಿ ಒಳಗೆಳೆದುಕೊಳ್ಳುತ್ತದೆ. ಬಾಲದ ಬುಡದಲ್ಲಿ ಅಸ್ಥಿಪಂಜರ ಎದ್ದು ಕಾಣುವ ಮರಿಯನ್ನು, ಎಷ್ಟೇ ಅಗ್ಗಕ್ಕೆ ಕೊಟ್ಟರೂ, ಕೊಳ್ಳಬೇಡಿ. ಅಷ್ಟು ಸೊರಗಿದ ಮರಿ ಚೇತರಿಸಿಕೊಳ್ಳುವುದು ಅಪರೂಪ.

ಬಾಲದ ಮೇಲಿನ ಗರಗಸದಂಥ ಮುಳ್ಳಿನಲ್ಲಿ ವಿಷವಿದೆ. ತೊಟ್ಟಿಯೊಳಗೆ ಕೈಯಿಡುವ ಮುನ್ನ ಮೀನು ಎಲ್ಲಿದೆಯೆಂದು ಕಣ್ಣಾರೆ ಕಂಡುಕೊಳ್ಳಿ. ಸ್ಥಳಾಂತರಿಸುವಾಗ ಮುಳ್ಳು ಸಿಕ್ಕಿಕೊಳ್ಳುವ ಬಲೆಯನ್ನು ಬಿಟ್ಟು, ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ನೀರಿನ ಸಮೇತ ಮೀನನ್ನು ಹೊಗಿಸಿ. ಚುಚ್ಚಿದರೆ ಗಾಯವನ್ನು ತಾಳಬಲ್ಲಷ್ಟು ಬಿಸಿಯಾದ, 45 ಡಿಗ್ರಿ ಮೀರದ ನೀರಿನಲ್ಲಿ ಅದ್ದಿಟ್ಟು, ನೋವು ಇಳಿಯಿತೆಂದು ಸುಮ್ಮನಾಗದೆ ಆಸ್ಪತ್ರೆಗೆ ಹೋಗಬೇಕು. ಈ ಮುಳ್ಳು ಕಾಲಕಾಲಕ್ಕೆ ಉದುರಿ ಹೊಸದು ಮೂಡುತ್ತದೆ. ಉದುರಿದ್ದು ಮರಳಿನಲ್ಲಿ ಕಡ್ಡಿಯ ತುಂಡಿನಂತೆ ಬಿದ್ದಿರುತ್ತದೆ, ಅದನ್ನು ಇಕ್ಕಳದಿಂದಲೇ ಎತ್ತಿ.