ಚೌಕಾಬಾರ ಆಡುವ ರೋಬೋಟ್: ಎದುರಿಗೆ ಕುಳಿತವರನ್ನು ಅರಿತು ಹೊಂದಿಕೊಳ್ಳುವಂತೆ ರೂಪಿಸುವ ಬಗೆ

ಕವಡೆ ಹಾಕಿ ಪಟದ ಮೇಲೆ ಕಾಯಿ ನಡೆಸುವ, ಮೈಸೂರಿನ ಮನೆಗಳಲ್ಲಿ ಇಂದಿಗೂ ಆಡುವ ಚೌಕಾಬಾರಕ್ಕೆ ರೋಬೋಟೊಂದನ್ನು ಜೊತೆಯಾಗಿಸಬೇಕೆನ್ನುವವರು ಮೋಟಾರು ಕೊಳ್ಳುವ ಮೊದಲು ಆಟ ನಡೆಯುವ ಮನೆಯಲ್ಲಿ ಒಂದು ಮಧ್ಯಾಹ್ನ ಕುಳಿತು ನೋಡಬೇಕು. ಕವಡೆ ಕುಲುಕಲು ಎಷ್ಟು ಹೊತ್ತು ಹಿಡಿಯುತ್ತದೆ, ಗರ (ಕವಡೆ ತೋರುವ ಎಣಿಕೆ) ಬಿದ್ದ ಮೇಲೆ ಪಟದ ಮನೆ ಎಣಿಸಲು ಎಷ್ಟು ಹೊತ್ತು ಬೇಕು ಎಂಬುದನ್ನು ಗಡಿಯಾರ ನೋಡಿ ಬರೆದುಕೊಳ್ಳಿ. ನಾನು ನೋಡಿದ ಅಜ್ಜಿಯೊಬ್ಬರು ಕಾಯಿಯ ಮೇಲೆ ಬೆರಳಿಟ್ಟು, ಮತ್ತೆ ತೆಗೆದು, ಬೇರೊಂದು ಕಾಯಿ ನಡೆಸುತ್ತಿದ್ದರು. ಬೆರಳಿಟ್ಟದ್ದನ್ನೇ ನಡೆಯೆಂದು ತಿಳಿಯುವ ಯಂತ್ರ ಅವರೊಡನೆ ಒಂದು ಆಟವನ್ನೂ ಮುಗಿಸಲಾರದು. ಕೈ ಪಟದಿಂದ ಪೂರ್ತಿ ಹಿಂದೆ ಸರಿದ ಮೇಲಷ್ಟೇ ನಡೆ ಮುಗಿಯಿತೆಂದು ಅದು ಎಣಿಸಬೇಕು.

ಈ ನಿಯಮ ಸುರಕ್ಷತೆಗೂ ಅಗತ್ಯ. 2022ರಲ್ಲಿ ಮಾಸ್ಕೋದಲ್ಲಿ ಚೆಸ್ ಆಡುತ್ತಿದ್ದ ರೋಬೋಟ್, ಅದರ ಸರದಿ ಮುಗಿಯುವ ಮೊದಲೇ ಕೈಚಾಚಿದ 7 ವರ್ಷದ ಬಾಲಕನ ಬೆರಳನ್ನು ಹಿಡಿದು ಮುರಿಯಿತು. ಮಕ್ಕಳು ಕಾಯುವುದಿಲ್ಲ ಎಂದೇ ತಿಳಿದು ಯಂತ್ರ ಕಟ್ಟಬೇಕು. ಹಿಡಿತದ ಬಲ ಹಗುರವಾದ ಕಾಯಿಯನ್ನು ಎತ್ತುವಷ್ಟೇ ಇರಲಿ, ಪಟದ ಮೇಲೆ ಕೈ ಕಂಡೊಡನೆ ತೋಳು ನಿಲ್ಲಲಿ.

ಕವಡೆ ಓದಲು ಪಟದ ನೇರ ಮೇಲೊಂದು ಕ್ಯಾಮೆರಾ ಸಾಕು. ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಬೋರಲಾದರೆ ಎಂಟು. ಆದರೆ ಕವಡೆ ನಾಣ್ಯದಂತೆ ಸಮನಾಗಿ ಬೀಳುವುದಿಲ್ಲವಾದ್ದರಿಂದ, ನಿಮ್ಮಲ್ಲಿರುವ ಕವಡೆಗಳನ್ನೇ 200 ಬಾರಿ ಹಾಕಿ, ಯಾವ ಗರ ಎಷ್ಟು ಸಲ ಬಿತ್ತೆಂಬ ಲೆಕ್ಕವನ್ನು ರೋಬೋಟಿಗೆ ಕೊಡಿ. ಅಂಚಿಗೆ ಒರಗಿ ನಿಂತ ಕವಡೆಯ ವಿಷಯದಲ್ಲಿ ಅದು ತಾನೇ ತೀರ್ಪು ಕೊಡದೆ ಎದುರಿನವರನ್ನು ಕೇಳಲಿ.

ಮಾತಿನ ಸರದಿ ಬದಲಾಗುವಾಗ ಮನುಷ್ಯರು ಬಿಡುವ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ಅಷ್ಟು ಬೇಗ ನಡೆ ಲೆಕ್ಕಹಾಕಲು ಆಗದಿದ್ದರೂ, ಗರ ಬಿದ್ದ ಕೂಡಲೇ ರೋಬೋಟಿನ ಕಣ್ಣು ಕವಡೆಯತ್ತ, ಅನಂತರ ತಾನು ನಡೆಸಲಿರುವ ಕಾಯಿಯತ್ತ ತಿರುಗಿದರೆ, ಅದು ಯೋಚಿಸುತ್ತಿದೆ ಎಂದು ಎದುರಿನವರಿಗೆ ತಿಳಿಯುತ್ತದೆ. ತೋಳಿನ ವೇಗವನ್ನು ಆಟಗಾರರ ಕಳೆದ ಐದು ಸರದಿಗಳ ಸರಾಸರಿ ಹೊತ್ತಿಗೆ ಹೊಂದಿಸಿ.

ಹೊಂದಾಣಿಕೆಯ ನಿಜವಾದ ಕಷ್ಟ ಆಟದ ಮಟ್ಟದಲ್ಲಿದೆ. ಗರದಲ್ಲಿ ಮೋಸ ಮಾಡುವುದು ಖಂಡಿತ ಕೂಡದು. ರೋಬೋಟ್ ತನ್ನ ಕವಡೆಯನ್ನು ಎಲ್ಲರಿಗೂ ಕಾಣುವಂತೆ ಬಟ್ಟಲಿನಿಂದಲೇ ಸುರಿಯಬೇಕು. ಬದಲಾಯಿಸಬಹುದಾದದ್ದು ನಡೆಯ ಆಯ್ಕೆ ಮಾತ್ರ. ಎದುರಿನವರು ಬಹಳ ಹಿಂದುಳಿದಿದ್ದರೆ, ಎದುರಿನವರ ಕಾಯಿಯನ್ನು ಕಡಿಯುವ ನಡೆಗೂ ತನ್ನ ಕಾಯಿಯನ್ನು ಕಟ್ಟೆಗೆ (ಕಡಿಯಲಾಗದ ಮನೆಗೆ) ಸೇರಿಸುವ ನಡೆಗೂ ಬೆಲೆ ಹೆಚ್ಚುಕಡಿಮೆ ಒಂದೇ ಆಗಿರುವಾಗ, ಎರಡನೆಯದನ್ನು ಆರಿಸಲಿ. ಎದ್ದು ಕಾಣುವಂತೆ ಆಟ ಬಿಟ್ಟುಕೊಟ್ಟರೆ ಹಿರಿಯರಿಗೆ ಅದು ಅವಮಾನವೆನಿಸುತ್ತದೆ, ಮಕ್ಕಳಿಗಂತೂ ತಕ್ಷಣ ಗೊತ್ತಾಗಿಬಿಡುತ್ತದೆ.

ಮಾತು ಕಡಿಮೆಯಿರಲಿ. ಹಿರಿಯರಿಗೆ 'ನಿಮ್ಮ ಗರ, ಅಜ್ಜಿ' ಎಂದೂ ಮಗುವಿಗೆ 'ಈಗ ನೀನು ಹಾಕು' ಎಂದೂ ಹೇಳುವಂತೆ, ಯಾರನ್ನು ಹೇಗೆ ಕರೆಯಬೇಕೆಂದು ಆಟದ ಆರಂಭದಲ್ಲೇ ಕೇಳಿಕೊಳ್ಳಲಿ; ಮುಖ ನೋಡಿ ವಯಸ್ಸು ಊಹಿಸುವುದು ಬೇಡ.

ಪ್ರೋಗ್ರಾಂ ಬರೆಯುವ ಮೊದಲು ಇದನ್ನೆಲ್ಲ ಪರೀಕ್ಷಿಸುವ ಸುಲಭ ದಾರಿಯಿದೆ. ಗೆಳೆಯರೊಬ್ಬರು ಪಕ್ಕದ ಕೋಣೆಯಿಂದ ತೋಳನ್ನು ನಡೆಸಲಿ, ನೀವು ಆಟಗಾರರ ಮುಖವನ್ನಷ್ಟೇ ಗಮನಿಸಿ, ಆಟ ಮುಗಿದ ಮೇಲೆ ಯಂತ್ರದ ಹಿಂದೆ ಮನುಷ್ಯರಿದ್ದರೆಂದು ಅವರಿಗೆ ತಪ್ಪದೆ ತಿಳಿಸಿ.