ರಾಗಿ ಹೊಲಕ್ಕೆ ಮಾವು ಹಾಕೋ ಮುಂಚೆ

ಶ್ರೀನಿವಾಸಪುರದ ಕಡೆ ರಾಗಿ ಬಿಟ್ಟು ಮಾವು ಹಾಕೋಣ ಅಂತ ಯೋಚಿಸ್ತಿರುವವರಿಗೆ ಒಂದು ಮಾತು. ಮೊದಲು ಮನೆ ಖರ್ಚಿನ ಲೆಕ್ಕ ಹಾಕಿ, ಆಮೇಲೆ ಗಿಡದ್ದು.

ರಾಗಿ ನಾಲ್ಕು ತಿಂಗಳಿಗೆ ಕೈಗೆ ಬರುತ್ತೆ, ಹುಲ್ಲು ದನಕ್ಕಾಗುತ್ತೆ. ಕಸಿ ಮಾವು ಹೇಳಿಕೊಳ್ಳುವಂಥ ಫಸಲು ಕೊಡೋಕೆ ನಾಲ್ಕೈದು ವರ್ಷ ಬೇಕು. ಅಲ್ಲಿವರೆಗೆ ಸಂಸಾರ ನಡೀಬೇಕಲ್ವಾ? ಹಾಗಾಗಿ ಇರೋ ಜಮೀನಿಗೆಲ್ಲ ಒಂದೇ ಸಲ ಗಿಡ ಹಾಕಬೇಡಿ. ನಾನು ಮೊದಲು ಒಂದು ಎಕರೆಗೆ ಮಾತ್ರ ಹಾಕಿದೆ. 10 ಮೀಟರ್ ಅಂತರಕ್ಕೆ ಎಕರೆಗೆ 40 ಗಿಡ. ನಡುವೆ ಬೇಕಾದಷ್ಟು ಜಾಗ ಖಾಲಿ. ಅಲ್ಲಿ ಹುರುಳಿ, ಅವರೆ, ಕಡಲೆಕಾಯಿ ಹಾಕಿದೆ. ಉಳುಮೆ ಖರ್ಚು ಅದರಲ್ಲೇ ಹುಟ್ಟಿತು. 5 ಮೀಟರ್‌ಗೆ ಹಾಕಿದರೆ 160 ಗಿಡ ಹಿಡಿಯುತ್ತೆ, ಆದರೆ ವರ್ಷಾ ವರ್ಷ ಕೊಂಬೆ ಸವರಲೇಬೇಕು.

ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇರುವ ಸಣ್ಣ ರೈತರು, ಗಿಡ ಹಾಕೋ ಕೆಲಸಕ್ಕೆ ಕೂಲಿ ಸಿಗುತ್ತಾ ಅಂತ ಗುಂಡಿ ತೆಗೆಸೋ ಮುಂಚೆ ಪಂಚಾಯ್ತಿಯಲ್ಲಿ ವಿಚಾರಿಸಿ. ಗುಂಡಿ ತೆಗೆದ ಮೇಲೆ ಹೋದರೆ ಸುಮ್ನೆ ಓಡಾಟ.

ಬರೀ ತೋತಾಪುರಿ ತಳಿ ನಂಬಬೇಡಿ. ಅದರ ಬೆಲೆ ಜ್ಯೂಸ್ ಫ್ಯಾಕ್ಟರಿಗಳ ಕೈಯಲ್ಲಿದೆ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರಿನ ಫ್ಯಾಕ್ಟರಿಗಳಿಗೆ ಹೋಗುವ ನಮ್ಮ ತೋತಾಪುರಿಗೆ ಅಲ್ಲಿನ ಜಿಲ್ಲಾಡಳಿತ ತಡೆ ಹಾಕಿದಾಗ ಇಲ್ಲಿ ಬೆಲೆ ಬಿದ್ದುಹೋಯಿತು. ಅರ್ಧದಷ್ಟಾದರೂ ಬಾದಾಮಿ, ಮಲ್ಲಿಕಾ ಇರಲಿ. ಮಲ್ಲಿಕಾ ಹೆಚ್ಚುಕಡಿಮೆ ಪ್ರತಿ ವರ್ಷ ಕಾಯಿ ಬಿಡುತ್ತೆ. ಬಾದಾಮಿ ಒಂದು ವರ್ಷ ಜಾಸ್ತಿ ಬಿಟ್ಟರೆ ಮುಂದಿನ ವರ್ಷ ಕೈಕೊಡುತ್ತೆ, ಅದಕ್ಕೇ ಎರಡು ವರ್ಷದ ಸರಾಸರಿ ಹಿಡಿದು ಲೆಕ್ಕ ಹಾಕಿ.

ಇನ್ನೊಂದು. ತೋಟ ಗುತ್ತಿಗೆಗೆ ಕೊಡುವಾಗ ಹೂ ಬರಿಸೋ ಔಷಧಿ ಎಷ್ಟು ಹಾಕ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ. ನಾನು ಬರೆಸಿಕೊಳ್ಳಲಿಲ್ಲ, ಆರು ಮರ ಇನ್ನೂ ಸರಿಯಾಗಿ ಚಿಗುರಿಲ್ಲ.